ಕಪಾಟಿನ ದೊಡ್ಡ ಟಾರ್ಚು

ಲಿಫ್ಟ್ ರಿಪೇರಿಯ ಲಿಂಗರಾಜು ಬಳಿ ಎರಡು ಟಾರ್ಚುಗಳಿದ್ದವು. ಬೆರಳುದ್ದದ ಚಿಕ್ಕದು ಸದಾ ಅವನ ಜೇಬಿನಲ್ಲಿ. ದಿನಾ ಸಂಜೆ ಅದರ ಒಂದೇ ಸೆಲ್ಲು ಚಾರ್ಜಿಗೆ ಕೂರುತ್ತಿತ್ತು. ಮೊಳದುದ್ದದ ದೊಡ್ಡದನ್ನು ಆತ ಸವೆದೀತೆಂದು ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಕಪಾಟಿನಲ್ಲಿಟ್ಟಿದ್ದ. ದೊಡ್ಡ ಸಂದರ್ಭಕ್ಕೆಂದೇ ತನ್ನನ್ನು ಕಾಯ್ದಿಟ್ಟಿದ್ದಾನೆಂದು ಅದು ಒಳಗೊಳಗೇ ಬೀಗುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಅದರ ಕವರು ಕಳಚಿತು. ಹಣೆ ಎಲ್ಲಿದೆಯೆಂದು ತಿಳಿಯದೆ ಲಿಂಗರಾಜು ಗಾಜಿನ ಮೇಲೇ ಗಂಧ ಬಳಿದು, ದಪ್ಪಗೆ ಕುಂಕುಮ ಇಟ್ಟು, ಮೇಲೊಂದು ಹೂವು ಸಿಕ್ಕಿಸಿದ.

"ನಿನಗೆ ಒಂದು ಹೂವೂ ಇಲ್ಲವಲ್ಲ," ಎಂದಿತು ದೊಡ್ಡದು.

"ಜೇಬಿನಲ್ಲೇ ಉಳಿದುಬಿಟ್ಟೆ, ಅಣ್ಣ," ಎಂದಿತು ಚಿಕ್ಕದು.

"ಇರಲಿ. ನನ್ನ ಬೆಳಕು ಒಂದು ಮೈಲಿ ಹೋಗುತ್ತದೆ. ಚಿಲ್ಲರೆ ಕೆಲಸಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ."

ಅಷ್ಟರಲ್ಲಿ ಫೋನ್ ಬಂತು. ಎದುರು ಕಟ್ಟಡದಲ್ಲಿ ಕರೆಂಟು ಹೋಗಿ, ಬಸುರಿಯೊಬ್ಬಳು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು. ಲಿಂಗರಾಜು ದೊಡ್ಡದನ್ನೇ ಎತ್ತಿಕೊಂಡು ಓಡಿದ. ಕಿಟಕಿಯಿಲ್ಲದ ಲಿಫ್ಟ್ ಮೆಷಿನ್ ಕೋಣೆಯಲ್ಲಿ ಅದರ ಸ್ವಿಚ್ಚು ಒತ್ತಿದ. ವರ್ಷವಿಡೀ ಕೂತಲ್ಲೇ ಬರಿದಾಗಿದ್ದ ಸೆಲ್ಲುಗಳಿಂದಾಗಿ, ಕುಂಕುಮದ ಹಿಂದೆ ಒಮ್ಮೆ ಕೆಂಪಗೆ ಮಿಣುಕಿ, ಬೆಳಕು ಆರಿಹೋಯಿತು. ಆತ ಅದನ್ನು ಮೂಲೆಗಿಟ್ಟು, ಚಿಕ್ಕದನ್ನು ಹಲ್ಲಲ್ಲಿ ಕಚ್ಚಿಕೊಂಡು, ಲಿಫ್ಟನ್ನು ಕೈಯಿಂದ ಇಳಿಸುವ ಚಕ್ರವನ್ನು ಎರಡೂ ಕೈಯಲ್ಲಿ ತಿರುಗಿಸಿ ಆಕೆಯನ್ನು ಕೆಳಗಿಳಿಸಿದ.

"ಬೇಸರವೇ, ಅಣ್ಣ?" ಎಂದು ಚಿಕ್ಕದು ಕೇಳಿತು.

"ಬೇಸರವೇನು," ಎಂದಿತು ದೊಡ್ಡದು. "ನನ್ನ ಬೆಳಕು ಒಂದು ಮೈಲಿ ಹೋಗುವುದು ನಿಜ. ನಾನು ಮಾತ್ರ ಕಪಾಟು ಬಿಟ್ಟು ಕದಲಿರಲಿಲ್ಲ."