ಜೇನಿನ ಮೊದಲ ತುತ್ತು

ಒಂದು ಕಾಡಿನಲ್ಲಿ ಪ್ರಾಣಿಗಳು ಬೇಸ್‌ಬಾಲ್ ಆಡುತ್ತಿದ್ದವು. ನಗಬೇಡಿ ಮಕ್ಕಳೇ, ನಿಜವಾಗಿಯೂ ಆಡುತ್ತಿದ್ದವು. ಯಾರು ಕಲಿಸಿದರು ಅಂತ ಕೇಳಿದರೆ ಮಾತ್ರ ನನಗೂ ಗೊತ್ತಿಲ್ಲ. ಬೇಲದಕಾಯಿಗೆ ನಾರು ಸುತ್ತಿದರೆ ಚೆಂಡು. ತೇಗದ ಕೊಂಬೆ ಮುರಿದರೆ ದಾಂಡು. ಒಬ್ಬರು ಎಸೆಯಬೇಕು, ಇನ್ನೊಬ್ಬರು ಬಾರಿಸಬೇಕು. ಬಾರಿಸಿದವರು ನಾಲ್ಕು ಕಲ್ಲು ಮುಟ್ಟಿ ಓಡಿ ಬಂದರೆ ಒಂದು ಸುತ್ತು. ಮೂರು ಸಲ ಬೀಸಿ ಮೂರೂ ಸಲ ತಪ್ಪಿದರೆ ಔಟ್, ನಡಿ ಆಚೆ! ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಇಂಥ ಒಂಬತ್ತು ಸರದಿ ಆಡಬೇಕು. ಕೈಯಿಲ್ಲದವರು ದಾಂಡನ್ನು ಬಾಯಲ್ಲಿ ಕಚ್ಚಿಕೊಂಡು ಬೀಸುತ್ತಿದ್ದರು, ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಹೊಳೆಯ ಈ ದಡದಲ್ಲಿ ಬಿದಿರುಮೆಳೆ ತಂಡ, ಆ ದಡದಲ್ಲಿ ಬಂಡೆಗಲ್ಲು ತಂಡ. ಆಟವೇ ಅವರ ಕಸುಬು. ನೋಡಲು ಬಂದವರು ಹಣ್ಣು, ಗೆಡ್ಡೆ ತರುತ್ತಿದ್ದರು. ಆಟಗಾರರ ಹೊಟ್ಟೆ ಅದರಿಂದಲೇ ತುಂಬುತ್ತಿತ್ತು.

ಬಿದಿರುಮೆಳೆ ತಂಡದಲ್ಲಿ ಚೆಂಡು ಎಸೆಯುವವಳು ಕೋತಿ ಕೆಂಚವ್ವ. ಅಬ್ಬಬ್ಬಾ, ಏನು ತೋಳು ಅವಳದು! ಅವಳು ಎಸೆದ ಚೆಂಡು ಹೋದದ್ದು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ಬರುತ್ತಿದ್ದದ್ದು ಚಿಪ್ಪುಹಂದಿ ಸಣ್ಣೀರಪ್ಪನ ಕೈಗವಸಿನಿಂದ. ದಾಂಡಿಗನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವುದು ಅವನ ಕೆಲಸ. ಪಾಪ, ಚಿಪ್ಪುಹಂದಿಗಳು ಹಗಲು ಮಲಗಿ ರಾತ್ರಿ ತಿರುಗುವವು. ಇವನು ಆಟಕ್ಕಾಗಿ ಹಗಲಿನ ನಿದ್ದೆ ಬಿಟ್ಟು, ಕಣ್ಣು ಕಿರಿದು ಮಾಡಿಕೊಂಡು ಬಂದು ಕೂರುತ್ತಿದ್ದ. ಎಂಥ ಚೆಂಡು ಎಸೆಯಬೇಕು ಅಂತ ಹೇಳುವವನೂ ಅವನೇ. ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಹಾಗೆ, ಉಗುರು ತೋರಿಸುತ್ತಿದ್ದ. ಒಂದು ಉಗುರು ಅಂದರೆ ಬಿರುಸಿನ ಚೆಂಡು. ಎರಡು ಅಂದರೆ ಬಾಗುವ ಚೆಂಡು. ಮೂರು ಅಂದರೆ ನಿಧಾನದ ಚೆಂಡು.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಎಲ್ಲರಿಗಿಂತ ಚೆನ್ನಾಗಿ ಆಡಿದರೋ ಅವರಿಗೆ ಒಂದು ಜೇನುಹಟ್ಟಿ ಬಹುಮಾನ. ಅವರು ಮೊದಲ ತುತ್ತನ್ನು ಮುರಿದು, ತಮಗೆ ನೆರವಾದವರಿಗೆ ಕೊಟ್ಟು, ಆಮೇಲೆ ತಾವು ತಿನ್ನಬೇಕು. ಕೆಂಚವ್ವನಿಗೆ ಆ ವರ್ಷ ಹನ್ನೊಂದು ಸಲ ಜೇನು ಬಂತು. ಹನ್ನೊಂದು ಸಲವೂ ಅವಳು ಮೊದಲ ತುತ್ತನ್ನು ತನ್ನ ಬಲತೋಳಿಗೇ ಸವರಿದಳು. "ನನಗೆ ನೆರವಾದದ್ದು ಇದೊಂದೇ!" ಎಂದು ಎತ್ತಿ ತೋರಿಸಿ, ನೆಕ್ಕಿಬಿಟ್ಟಳು. ಕಾಡೆಲ್ಲ ನಗುತ್ತಿತ್ತು. ಸಣ್ಣೀರಪ್ಪನೂ ನಗುತ್ತಿದ್ದ, ನಕ್ಕು ಪಕ್ಕದಲ್ಲಿ ಹರಿಯುವ ಇರುವೆಗಳನ್ನು ಉದ್ದ ನಾಲಿಗೆಯಿಂದ ಎಳೆದುಕೊಂಡು ತಿನ್ನುತ್ತಿದ್ದ.

ವರ್ಷದ ಕೊನೆಯ ಆಟ ಬಂತು. ಇದು ಬರೀ ಆಟವಲ್ಲ. ಹೊಳೆಯ ನಡುಗಡ್ಡೆಯಲ್ಲಿ ಒಂದು ದೊಡ್ಡ ಅತ್ತಿಮರ. ಗೆದ್ದ ದಡದವರಿಗೆ ಬೇಸಿಗೆ ಪೂರ್ತಿ ಅದರ ಹಣ್ಣು. ಸೋತವರು ಗುಡ್ಡ ಹತ್ತಿ ಒಣಗೆಡ್ಡೆ ಅಗೆಯಬೇಕು. ಹಿಂದಿನ ವರ್ಷ ಬಿದಿರುಮೆಳೆಯವರು ಸೋತು, ಕೆಂಚವ್ವನ ಮುದಿತಾಯಿ ಬೇಸಿಗೆ ಕಳೆಯುವಷ್ಟರಲ್ಲಿ ಕಡ್ಡಿಯಂತಾಗಿದ್ದಳು. ಇನ್ನೊಂದು ಅಂಥ ಬೇಸಿಗೆ ಬಂದರೆ ಅವಳು ಉಳಿಯುವುದು ಕಷ್ಟ. ಈ ಸಲ ಗೆಲ್ಲಲೇಬೇಕು ಅಂತ ಕೆಂಚವ್ವ ಹಲ್ಲು ಕಚ್ಚಿ ನಿಂತಿದ್ದಳು.

ಆಟದ ಹಿಂದಿನ ದಿನ ಸಂಜೆ ಬಂಡೆಗಲ್ಲು ತಂಡದ ಯಜಮಾನ, ನರಿ ಜಾಣೋಜಿ, ಹೊಳೆ ದಾಟಿ ಬಂದ.

"ಏನವ್ವಾ ಕೆಂಚವ್ವ, ನಿನ್ನಂಥ ಆಟಗಾರ್ತಿಯನ್ನು ಏಳು ಕಾಡಲ್ಲಿ ಕಾಣೆ. ಆದರೆ ಒಂದು ಮಾತು ಕೇಳಿ ಹೊಟ್ಟೆ ಉರಿಯಿತು."

"ಏನು ಮಾತು?"

"ನಿನಗೆ ಸ್ವಂತ ತಲೆ ಇಲ್ಲವಂತೆ. ಹಿಂದೆ ಕೂತ ಆ ತೂಕಡಿಸುವ ಚಿಪ್ಪಪ್ಪ ಹೇಳಿದಂತೆ ಎಸೆಯುತ್ತೀಯಂತೆ!"

ಕೆಂಚವ್ವನ ಮುಖ ಇನ್ನಷ್ಟು ಕೆಂಪಾಯಿತು. "ಅವನು ಹೇಳುವುದೇನು ಮಹಾ! ಒಂದು ಉಗುರು ಬಿರುಸು, ಎರಡು ಬಾಗು, ಮೂರು ನಿಧಾನ. ಅಷ್ಟೇ. ಎಸೆಯುವುದು ಈ ತೋಳು ಕಣಪ್ಪಾ!"

"ಅದೇ ಮತ್ತೆ! ತೋಳು ಅಂದರೆ ತೋಳು!" ಎಂದು ಜಾಣೋಜಿ ಕೈಮುಗಿದು ಹೊರಟ. ಬೇಕಾದದ್ದು ಸಿಕ್ಕಿತ್ತಲ್ಲ, ಇನ್ನೇಕೆ ನಿಲ್ಲುತ್ತಾನೆ?

ಮರುದಿನ ಬೆಳಿಗ್ಗೆ ಆಟ ಶುರುವಾಯಿತು. ಅಂಪೈರ್ ಮಂಗಟ್ಟೆ ಹಕ್ಕಿ ಕೂಗು ಹಾಕಿತು. ಜಾಣೋಜಿ ಬಯಲಿನ ಅಂಚಿನ ಒಂದು ಹಳೇ ಹುತ್ತದ ಮೇಲೆ ಕೂತ. ಅಲ್ಲಿಂದ ಸಣ್ಣೀರಪ್ಪನ ಉಗುರು ಓರೆಯಾಗಿ ಕಾಣುತ್ತಿತ್ತು.

ಕೆಂಚವ್ವ ಬಿರುಸಿನ ಚೆಂಡು ಎಸೆಯಲು ನಿಂತಳು. "ಊಊ!" ಎಂದಿತು ನರಿ, ಒಂದು ಸಲ. ಕಡವೆ ಅದನ್ನು ಕಾದು ನಿಂತಂತೆ ಬಾರಿಸಿತು. ಬಾಗುವ ಚೆಂಡಿಗೆ ನಿಂತಳು. "ಊಊ! ಊಊ!" ಎರಡು ಸಲ. ಕಾಡುಹಂದಿ ಅದನ್ನೂ ಬಾರಿಸಿತು. ನಿಧಾನದ ಚೆಂಡಿಗೆ ನರಿ ಸುಮ್ಮನಿತ್ತು. ಆ ಚೆಂಡಿಗೆ ದಾಂಡು ಕಚ್ಚಿ ನಿಂತಿದ್ದವನು ಕಾಟಿ ಭರಮಣ್ಣ, ಕಾಟಿ ಅಂದರೆ ಕಾಡುಕೋಣ. ಕಾಡಿನಲ್ಲೇ ದೊಡ್ಡ ದಾಂಡಿಗ, ಭುಜ ನೋಡಿದರೆ ಬಂಡೆ. ಅವನು ಬೀಸಿದ ಏಟಿಗೆ ಚೆಂಡು ಅತ್ತಿಮರ ದಾಟಿ ಹೋಯಿತು. ಮೂವರೂ ಓಡಿ ಬಂದರು. ಮೂರು ಸುತ್ತು!

ಮೊದಲ ಸರದಿ ಹೇಗೋ ಮುಗಿಯಿತು. ಬಯಲಿನಾಚೆ ಮುದಿತಾಯಿ ಕೂತದ್ದು ಕಾಣುತ್ತಿತ್ತು. "ನನ್ನ ತೋಳಿಗೆ ಏನಾಯಿತು?" ಎಂದು ಕೆಂಚವ್ವ ಅಳುಮುಖ ಮಾಡಿದಳು.

ಸಣ್ಣೀರಪ್ಪ ಮೆಲ್ಲಗೆ ನಡೆದು ಬಂದ. "ತೋಳಿಗೇನೂ ಆಗಿಲ್ಲ. ನಾನು ರಾತ್ರಿಯೆಲ್ಲ ತಿರುಗುವವನು ತಾಯಿ, ನರಿಯ ಊಳು ನನಗೆ ಚೆನ್ನಾಗಿ ಗೊತ್ತು. ಹಾಡುಹಗಲಲ್ಲಿ ಊಳಿಡುವ ನರಿಗೆ ಏನೋ ಕೆಲಸ ಇದೆ ಅಂತ ಅರ್ಥ. ನಮ್ಮ ಉಗುರಿನ ಗುಟ್ಟು ಯಾರಿಗಾದರೂ ಹೇಳಿದೆಯಾ?"

ಕೆಂಚವ್ವ ತಲೆ ತಗ್ಗಿಸಿದಳು. ಸುಳ್ಳು ಹೇಳೋಣ ಅಂತ ಒಂದು ಗಳಿಗೆ ಅನ್ನಿಸಿತು. ಹೇಳಲಿಲ್ಲ. "ಹೇಳಿದೆ. ಜಾಣೋಜಿ ಹೊಗಳಿದ. ನಾನು ಉಬ್ಬಿಹೋದೆ."

ಬೈಯುತ್ತಾನೆ ಅಂತ ಅವಳು ಕಾದಳು. ಸಣ್ಣೀರಪ್ಪ ಬೈಯಲಿಲ್ಲ. "ಬಾಯಿ ಮಾಡಿದ ತಪ್ಪಿಗೆ ತೋಳಿಗೇಕೆ ಶಿಕ್ಷೆ? ಅದು ಗಟ್ಟಿಯಾಗಿದೆ. ಇನ್ನು ಮೇಲೆ ಉಗುರು ನೋಡಬೇಡ, ನನ್ನ ಬಾಲ ನೋಡು. ಬಲಕ್ಕೆ ಹೊರಳಿದರೆ ಬಿರುಸು, ಎಡಕ್ಕೆ ಹೊರಳಿದರೆ ಬಾಗು, ಸುರುಳಿಯಾದರೆ ನಿಧಾನ. ಉಗುರು ಜಾಣೋಜಿಗೆ ಇರಲಿ, ಪಾಪ, ದೂರದಿಂದ ಬಂದಿದ್ದಾನೆ."

"ಅಲ್ಲ ಸಣ್ಣೀರಪ್ಪ," ಎಂದಳು ಕೆಂಚವ್ವ, "ನೀನು ಅತ್ತಿಹಣ್ಣು ತಿನ್ನುವವನಲ್ಲ. ಗೆದ್ದರೂ ನಿನಗೇನೂ ಸಿಗುವುದಿಲ್ಲ. ಮತ್ತೆ ಯಾಕೆ ನಿದ್ದೆಗೆಟ್ಟು ಬರುತ್ತೀಯ?"

ಅವನು ನಾಚಿಕೊಂಡ. "ನೀನು ಎಸೆದ ಚೆಂಡು ನನ್ನ ಕೈಗೆ ಬಿದ್ದಾಗ ಠಪ್ ಅನ್ನುತ್ತದಲ್ಲ, ಆ ಸದ್ದು ನನಗೆ ಇಷ್ಟ. ಅಷ್ಟೇ." ಹಾಗೆಂದು ತನ್ನ ಜಾಗಕ್ಕೆ ಹೋಗಿ ಕೂತ. ಇಷ್ಟು ವರ್ಷ ಆ ಸದ್ದನ್ನು ಕೆಂಚವ್ವ ತನ್ನದೇ ಅಂದುಕೊಂಡಿದ್ದಳು.

ಆಮೇಲೆ ನೋಡಿ ಮಜಾ! ನರಿ ಒಂದು ಸಲ ಊಳಿಟ್ಟರೆ ಬಾಗುವ ಚೆಂಡು ಬರುತ್ತಿತ್ತು. ಎರಡು ಸಲ ಊಳಿಟ್ಟರೆ ಬಿರುಸಿನದು. ಕಡವೆ ಬೀಸಿ ತಾನೇ ತಿರುಗಿ ಬಿತ್ತು. ಕಾಡುಹಂದಿ ದಾಂಡು ಕಚ್ಚಿಕೊಂಡೇ ಪೆಚ್ಚಾಗಿ ನಿಂತಿತು. "ಏನಯ್ಯಾ ನಿನ್ನ ಊಳು?" ಎಂದು ಅವರು ಜಗಳಕ್ಕೆ ಬಂದರೆ, "ನಾನು ಕಣ್ಣಾರೆ ನೋಡಿದ್ದೇನೆ, ನೀವೇ ಬೀಸುವುದು ತಡ!" ಎಂದು ಜಾಣೋಜಿ ಗದರಿಸಿದ. ಸಣ್ಣೀರಪ್ಪನೂ ಕಿಲಾಡಿ. ಆಗಾಗ ಉಗುರು, ಬಾಲ ಎರಡರಲ್ಲೂ ಒಂದೇ ಮಾತು ಹೇಳುತ್ತಿದ್ದ. ಊಳು ಒಮ್ಮೊಮ್ಮೆ ಸರಿ ಬರುತ್ತಿದ್ದರಿಂದ ಅವರಿಗೆ ಅದನ್ನು ಬಿಡಲೂ ಮನಸ್ಸಾಗಲಿಲ್ಲ.

ಎರಡನೇ ಸರದಿಯಲ್ಲಿ ಮೂವರು ಔಟ್. ಮೂರನೆಯದರಲ್ಲಿ ಮೂವರು. ನಾಲ್ಕು, ಐದು, ಆರು, ಏಳು, ಎಂಟು, ಒಬ್ಬನಾದರೂ ಮೊದಲ ಕಲ್ಲು ಮುಟ್ಟಬೇಕಲ್ಲ! ಅಂಥ ಎಸೆತವನ್ನು ಆ ಕಾಡು ಹಿಂದೆ ಕಂಡಿರಲಿಲ್ಲ. ಇತ್ತ ಬಿದಿರುಮೆಳೆಯ ಮೊಲ, ಮುಂಗುಸಿಗಳು ಓಡಿ ಓಡಿ ನಾಲ್ಕು ಸುತ್ತು ಗಳಿಸಿದವು. ಒಂಬತ್ತನೇ ಸರದಿಯಲ್ಲಿ ಬಂಡೆಗಲ್ಲಿನ ಇಬ್ಬರು ಔಟಾದರು. ಎರಡನೇ ಸರದಿಯಿಂದ ಇಪ್ಪತ್ತಮೂರು ಸಲ ದಾಂಡಿಗರು ಸಾಲಾಗಿ ಬಂದು ಸಾಲಾಗಿ ಹೋಗಿದ್ದರು. ಕೊನೆಯವನಾಗಿ ಬಂದ ಕಾಟಿ ಭರಮಣ್ಣ.

ಅವನ ಒಂದು ಏಟು ಸಾಕು, ಲೆಕ್ಕ ಸರಿಸಮ. ಮೊದಲ ಚೆಂಡು ತಪ್ಪಿದ. ಎರಡನೆಯದೂ ತಪ್ಪಿದ. ಕೆಂಚವ್ವ ಸಣ್ಣೀರಪ್ಪನ ಬಾಲ ನೋಡಿದಳು. ಸುರುಳಿ! ನಿಧಾನದ ಚೆಂಡು? ಈ ಬಂಡೆಯಂಥವನಿಗೆ? ಅವನು ಗುರುತಿಸಿಬಿಟ್ಟರೆ ಚೆಂಡು ಅತ್ತಿಮರದಾಚೆ, ಆಮೇಲೆ ಸೋತರೆ ಮರ ಬಂಡೆಗಲ್ಲಿನವರದು, ತಾಯಿ ಗುಡ್ಡದ ಮೇಲೆ. ನಿನ್ನೆಯ ಕೆಂಚವ್ವ ಆಗಿದ್ದರೆ "ಹೋಗೋ" ಅಂದು ಬಿರುಸಾಗಿ ಎಸೆಯುತ್ತಿದ್ದಳು. ಇಂದು ಅವಳು ಆ ಕಿರಿದಾದ ಕಣ್ಣುಗಳನ್ನು ನೋಡಿದಳು. "ನೀನು ಹೇಳಿದ ಮೇಲೆ ಮುಗಿಯಿತಪ್ಪಾ," ಎಂದುಕೊಂಡು ತೋಳು ಬೀಸಿದಳು.

ಸಣ್ಣೀರಪ್ಪ ಕೆಳಗೆ ಒಂದೇ ಉಗುರು ತೋರಿಸಿದ್ದ. "ಊಊ!" ಎಂದಿತು ನರಿ.

ಭರಮಣ್ಣ ಬಿರುಸಿನ ಚೆಂಡೆಂದು ಮೈಯೆಲ್ಲ ಬಲ ಹಾಕಿ ಬೀಸಿದ. ಚೆಂಡು ಇನ್ನೂ ಅರ್ಧ ದಾರಿಯಲ್ಲಿ ಬರುತ್ತಿತ್ತು. ದಾಂಡು ಅವನ ಹಲ್ಲಿನಿಂದ ಜಾರಿ, ಗಿರಗಿರ ತಿರುಗುತ್ತ ಹಾರಿ, ನೇರ ಹೋಗಿ ಹುತ್ತಕ್ಕೆ ಬಡಿಯಿತು. ಹುತ್ತ ಒಡೆಯಿತು. ಒಳಗೆ ಮನೆ ಮಾಡಿದ್ದ ಗೊದ್ದಗಳು, ಅಂದರೆ ಕಪ್ಪು ಇರುವೆಗಳು, ಸಾವಿರಗಟ್ಟಲೆ ಎದ್ದು ಜಾಣೋಜಿಯನ್ನು ಮುತ್ತಿದವು.

ಠಪ್! ಚೆಂಡು ಸಣ್ಣೀರಪ್ಪನ ಕೈಗೆ ಬಿತ್ತು. "ಔಟ್!" ಎಂದಿತು ಮಂಗಟ್ಟೆ.

"ಅಯ್ಯಯ್ಯೋ ಸತ್ತೆ!" ಎಂದು ಜಾಣೋಜಿ ಬಯಲ ತುಂಬ ಕುಣಿದ. "ಒಂದೇ ಉಗುರು ತೋರಿಸಿದ್ದ! ನಾನು ಕಂಡೆ! ಒಂದು ಉಗುರು ಅಂದರೆ ಬಿರುಸು ಅಂತ ಅವಳೇ ಹೇಳಿದ್ದಳು!" ತನ್ನ ಮೋಸವನ್ನು ತನ್ನ ಬಾಯಿಂದಲೇ ಡಂಗುರ ಹೊಡೆದ. ಕಾಡೆಲ್ಲ ಕೇಳಿತು.

ಭರಮಣ್ಣ ನಾಚಿ ತಲೆ ಕೊಡವಿದ. "ನನಗೆ ಎರಡು ಕಣ್ಣಿದ್ದವು. ಅವನ್ನು ಬಿಟ್ಟು ನಿನ್ನ ಊಳು ನಂಬಿದೆನಲ್ಲ! ಇನ್ನು ನಮ್ಮ ದಡದಲ್ಲಿ ಕಾಲಿಡಬೇಡ," ಎಂದು ಕೊಂಬು ತಗ್ಗಿಸಿದ. ಜಾಣೋಜಿ ಬಾಲ ಮಡಚಿಕೊಂಡು ಓಡಿದ. ಬಾಲದಲ್ಲಿ ಇನ್ನೂ ನಾಲ್ಕಾರು ಗೊದ್ದಗಳು ನೇತಾಡುತ್ತಿದ್ದವು.

ಕೆಂಚವ್ವನಿಗೆ ಜೇನುಹಟ್ಟಿ ಬಂತು, ಆ ವರ್ಷದ ಅತಿ ದೊಡ್ಡ ಹಟ್ಟಿ. "ತೋಳಿಗೆ ಸವರು! ತೋಳಿಗೆ ಸವರು!" ಎಂದು ಎಲ್ಲರೂ ಕೂಗಿದರು.

ಅವಳು ಸವರಲಿಲ್ಲ. ಮೊದಲ ತುತ್ತು ಮುರಿದುಕೊಂಡು ಒಡೆದ ಹುತ್ತದ ಹತ್ತಿರ ಹೋದಳು. ಜೇನನ್ನು ಅಲ್ಲಿ ಹಿಡಿದು ನಿಂತಳು. ಗೊದ್ದಗಳು ತುತ್ತಿನ ತುಂಬ ಮುತ್ತಿದವು, ಅವಳ ಬೆರಳನ್ನೂ ಕಚ್ಚಿದವು. ಕಣ್ಣಲ್ಲಿ ನೀರು ಬಂದರೂ ಅವಳು ಕೈ ಕೊಡವಲಿಲ್ಲ. ತುತ್ತು ಕಪ್ಪಗೆ ಕಾಣುವವರೆಗೂ ಕಾದು, ಮೆಲ್ಲಗೆ ನಡೆದು ಬಂದು ಸಣ್ಣೀರಪ್ಪನ ಮುಂದೆ ಕೂತಳು.

"ಗುಟ್ಟು ಬಿಟ್ಟುಕೊಟ್ಟವಳು ನಾನು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಆಟ ಉಳಿಸಿದವನು ಇವನು. ನನ್ನ ತಾಯಿ ಈ ಬೇಸಿಗೆ ಹಣ್ಣು ತಿನ್ನುವುದು ಇವನಿಂದ. ಸಣ್ಣೀರಪ್ಪಾ, ಬರೀ ಜೇನು ನಿನಗೆ ಸೇರದು ಅಂತ ಗೊತ್ತು. ಇದನ್ನು ತಗೋ. ಹನ್ನೊಂದು ಸಲ ಮರೆತೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ."

ಸಣ್ಣೀರಪ್ಪ ಉದ್ದ ನಾಲಿಗೆ ಚಾಚಿದ. ಒಂದೂ ಗೊದ್ದ ಉಳಿಯದಂತೆ ನೆಕ್ಕಿದ. ಆಮೇಲೆ ಊದಿಕೊಂಡ ಅವಳ ಬೆರಳು ನೋಡಿ, "ನಾಳೆ ಎಸೆಯಬೇಡ ತಾಯಿ, ಕೈಗೆ ಎರಡು ದಿನ ಬಿಡುವು ಕೊಡು. ನಾನೂ ನಿದ್ದೆ ಮಾಡುತ್ತೇನೆ," ಎಂದ. ಹಾಗೆಂದವನು ಅಲ್ಲೇ, ಅವಳ ಪಕ್ಕದಲ್ಲೇ, ಉಂಡೆಯಾಗಿ ಸುತ್ತಿಕೊಂಡು ಮಲಗಿಬಿಟ್ಟ. ಅವನ ಮೇಲೆ ಬಿಸಿಲು ಬೀಳದ ಹಾಗೆ ಕೆಂಚವ್ವ ಸಂಜೆಯವರೆಗೂ ಕೂತಿದ್ದಳು.

ನೀತಿ: ಒಬ್ಬರ ಹೆಸರಿಗೆ ಬರುವ ಗೆಲುವಿನಲ್ಲಿ ಇನ್ನೊಬ್ಬರ ಕೈಯೂ ಇರುತ್ತದೆ, ಹೊಗಳಿಕೆಗೆ ಉಬ್ಬಿ ಅದನ್ನು ಮರೆಯಬಾರದು, ನೆರವಾದವರನ್ನು ನಾಲ್ಕು ಜನರ ಮುಂದೆ ನೆನೆಯಬೇಕು.