ವೀರಗಲ್ಲಿನ ಮೂರು ಹಂತ

ಕುರಿ ಕಾಯುವ ದ್ಯಾಮಣ್ಣ ಆಡುತ್ತಿದ್ದ ಯುದ್ಧದ ಆಟವನ್ನು ಅರ್ಧಕ್ಕೇ ನಿಲ್ಲಿಸಿ, ಮೊಬೈಲನ್ನು ಕೆರೆ ಏರಿಯ ವೀರಗಲ್ಲಿಗೆ ಒರಗಿಸಿ, ಬೇವಿನ ನೆರಳಲ್ಲಿ ಕಣ್ಣು ಮುಚ್ಚಿದ. ಮಧ್ಯಾಹ್ನದ ಬಿಸಿಲೂ ನೀರಿನ ಮೇಲೆ ತೂಕಡಿಸುತ್ತಿತ್ತು. ಆಗ ಪರದೆಯೊಳಗಿನ ಸೈನಿಕ ತಲೆಯೆತ್ತಿ ಕಲ್ಲಿನೊಳಗಿನ ವೀರನನ್ನು ನೋಡಿದ.

“ಭಲೇ ಅಯ್ಯಾ! ಕೆಳಗೆ ಕಾದಾಟ, ನಡುವೆ ಅಪ್ಸರೆಯರ ಜೊತೆ ಹಾರಾಟ, ಮೇಲೆ ಶಿವನ ಸನ್ನಿಧಿ. ಮೂರೂ ಹಂತ ಗೆದ್ದಿದ್ದೀರಿ. ಮುಂದಿನ ಆಟ ಯಾವಾಗ?”

“ಕೆಳಗಿನದಷ್ಟೇ ನಡೆದದ್ದು ತಮ್ಮಾ,” ಎಂದ ವೀರ. “ಮೇಲಿನ ಎರಡನ್ನು ನಮ್ಮವ್ವ ಕೆತ್ತಿಸಿದಳು.”

“ಎಷ್ಟು ಜನ ಇದ್ದಿರಿ?”

“ನಾವು ಐವರು. ಊರಿನ ದನ ಹೊಡೆದುಕೊಂಡು ಹೋದವರು ಐವತ್ತು ಮಂದಿ.”

“ಹಾಗಾದರೆ ತಪ್ಪಿದಿರಿ. ಮೊದಲು ಆ ನಾಲ್ವರನ್ನು ಸಾಯಲು ಕಳಿಸಬೇಕಿತ್ತು. ಶತ್ರು ಅಡಗಿದ ಜಾಗ ತಿಳಿಯುತ್ತಿತ್ತು. ಸತ್ತ ನಾಲ್ವರೂ ಮತ್ತೆ ಎದ್ದು ಬಂದ ಮೇಲೆ ಸುಲಭವಾಗಿ ಗೆಲ್ಲುತ್ತಿದ್ದಿರಿ. ರಾಜ್ಯ ಕಟ್ಟುವುದು ಹಾಗೆಯೇ.”

“ಬೀರ, ಮಸಣ, ಕಲ್ಲ, ಚೌಡ,” ಎಂದ ವೀರ. “ಕಲ್ಲನ ಮದುವೆಗೆ ಮೂರೇ ದಿನವಿತ್ತು. ಎದ್ದು ಬರುತ್ತಾರೇನೋ ಎಂದು ಎಂಟುನೂರು ವರ್ಷದಿಂದ ಈ ದಾರಿ ನೋಡುತ್ತಿದ್ದೇನೆ. ಕುರಿಗಳು ಬರುತ್ತವೆ, ಹೋಗುತ್ತವೆ.”



ದ್ಯಾಮಣ್ಣ ಎಚ್ಚರಗೊಂಡು ಆಟ ಮುಂದುವರಿಸಿದ. ಬಾಣವೊಂದು ಬಡಿದು ಸೈನಿಕ ಸತ್ತ, ಎಂದಿನಂತೆ ಎದ್ದ. ಆದರೆ ದ್ಯಾಮಣ್ಣ ಎಷ್ಟು ಒತ್ತಿದರೂ ಅವನು ಕತ್ತಿ ಎತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ತನ್ನ ಪಡೆಯ ಸೈನಿಕನ ಕಡೆ ತಿರುಗಿ, “ನಿನ್ನ ಹೆಸರೇನು?” ಎಂದು ಕೇಳಿದ.