ದೀಪ ಹಚ್ಚಿದ ಮೇಲೆ ಕೇಳಿದ ಹಾಲು

"ಗುರುಗಳೇ, ಮಠದ ಔಷಧಶಾಲೆಯಿಂದ ನಾನು ಯಾರನ್ನೂ ಬರಿಗೈಯಲ್ಲಿ ಕಳಿಸಿಲ್ಲ. ಜಾತಿ ಕೇಳಿಲ್ಲ, ಕಾಸು ಕೇಳಿಲ್ಲ. ಆದರೂ ಊರಲ್ಲಿ ಅಳುವ ಸದ್ದು ನಿಂತಿಲ್ಲ. ನನ್ನ ಸೇವೆಯಲ್ಲಿ ಕೊರತೆ ಎಲ್ಲಿದೆ?" ಎಂದು ನಿರ್ವಾಣಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಒಳ್ಳೆಯ ಕೈಗುಣ. ಬಂದವರಿಗೆಲ್ಲ ಪುಕ್ಕಟೆ ಮದ್ದು ಕೊಡುತ್ತಿದ್ದ. ಹೊಳೆಯಾಚೆಯ ಹಳ್ಳಿಯಲ್ಲಿ ಬುಟ್ಟಿ ಹೆಣೆಯುವವಳೊಬ್ಬಳಿದ್ದಳು. ಅವಳಿಗೆ ಒಬ್ಬಳೇ ಮಗಳು. ಮಗುವಿಗೆ ಜ್ವರ ಏರಿ ಕಣ್ಣು ಮೇಲಾದಾಗ ಅದನ್ನು ಅತ್ತೆಯ ಮಡಿಲಿಗೆ ಹಾಕಿ ವೈದ್ಯನಲ್ಲಿಗೆ ಓಡಿದಳು.

ವೈದ್ಯ ಎಲ್ಲ ವಿಚಾರಿಸಿ ಒಂದು ಗುಳಿಗೆ ಕೊಟ್ಟ. "ಹಾಲಿನಲ್ಲಿ ತೇಯ್ದು ಕುಡಿಸು. ಬೆಳಗಾಗುವುದರೊಳಗೆ ಜ್ವರ ಇಳಿಯುತ್ತದೆ" ಎಂದ. ಅವಳ ಹಿಂದೆ ಇನ್ನೂ ಮಂದಿ ಕಾದಿದ್ದರು. ಅವಳು ಕೈಮುಗಿದು ಹೊರಟಳು.

ಹಳ್ಳಿ ಮುಟ್ಟುವಷ್ಟರಲ್ಲಿ ಮನೆಮನೆಯಲ್ಲೂ ದೀಪ ಹಚ್ಚಿಯಾಗಿತ್ತು. ಅವಳಿಗೆ ಹಸುವಿಲ್ಲ, ಮೇಕೆಯಿಲ್ಲ. ಗೌಡರ ಮನೆಯ ಬಾಗಿಲಲ್ಲಿ ನಿಂತು ಹಾಲು ಬೇಡಿದಳು.

"ದೀಪ ಹಚ್ಚಿದ ಮೇಲೆ ಹಾಲು ಹೊಸಿಲು ದಾಟಬಾರದು ಅಂತ ನಿನಗೆ ಗೊತ್ತಿಲ್ಲವೇನೇ? ನಮ್ಮ ಮನೆಯಲ್ಲೂ ಮಕ್ಕಳಿವೆ, ಕೊಟ್ಟಿಗೆಯಲ್ಲಿ ಕರುವಿದೆ. ಬೆಳಗ್ಗೆ ಬಾ ತಾಯಿ, ಚೊಂಬು ತುಂಬ ಕೊಡುತ್ತೇನೆ" ಎಂದಳು ಗೌಡತಿ.

ಇನ್ನೊಂದು ಮನೆಯಲ್ಲೂ ಅದೇ ಮಾತು. ಅವರು ಕೆಟ್ಟವರಲ್ಲ. ಮರುಗಿ ಅವಳ ಸೆರಗಿಗೆ ಅಕ್ಕಿ ಹಾಕಿದರು. ಹಾಲು ಮಾತ್ರ ಕೊಡಲಿಲ್ಲ.

ಗುಡಿಸಲಲ್ಲಿ ಗಂಜಿಯಿತ್ತು. ಗಂಜಿಯಲ್ಲಿ ಕೊಟ್ಟರೆ ಮದ್ದು ನಂಜಾದೀತೆಂದು ತಾಯಿ ಹೆದರಿದಳು. ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೋಳಿ ಕೂಗಲೆಂದು ಕಾದಳು. ಮಗು ಕಾಯಲಿಲ್ಲ.

ಮಣ್ಣು ಮುಗಿಸಿ ಅವಳು ಮತ್ತೆ ಹೊಳೆ ದಾಟಿದಳು. "ಇನ್ನೊಂದು ಮಗುವಿಗೆ ಆಗಲಿ" ಎಂದು ಗುಳಿಗೆಯನ್ನು ವೈದ್ಯನ ಮುಂದಿಟ್ಟಳು.

ವಿಷಯ ಕೇಳಿ ವೈದ್ಯ ಹಣೆ ಚಚ್ಚಿಕೊಂಡ. "ಎಂಥ ಮಳ್ಳಿಯೇ ನೀನು! ಕಹಿ ತಿಳಿಯದಿರಲಿ ಅಂತ ಹಾಲು ಹೇಳಿದ್ದು. ಗಂಜಿಯ ತಿಳಿಯಾದರೂ ಸಾಕಿತ್ತು, ನೀರಾದರೂ ಸಾಕಿತ್ತು!"

"ನೀವು ಹಾಲು ಅಂದಿರಿ, ಸ್ವಾಮಿ" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯನಿಗೆ ತಡೆಯಲಾಗಲಿಲ್ಲ. "ಹಾಲಿಲ್ಲ ಎಂದು ಅವಳು ಅಲ್ಲಿಯೇ ಒಂದು ಮಾತು ಹೇಳಬಹುದಿತ್ತಲ್ಲ, ಗುರುಗಳೇ?"

ಅದಕ್ಕೆ ಗುರುಗಳು ಒಂದೇ ಮಾತು ಕೇಳಿದರು:

"ಈ ದಿನ ನೀನು ಮದ್ದು ಕೊಟ್ಟು ಕಳಿಸಿದವರಲ್ಲಿ ಯಾರ ಮನೆಯಲ್ಲಿ ಹಾಲಿದೆ, ಹೇಳು."